ಮರಿದುಂಬಿಯ ಮನೋರಾಜ್ಯ

ರಜೆ ಮುಗಿದ ಮೇಲಣ ಮೊದಲ ವಾರಕ್ಕೆ ನಮ್ಮ ಪ್ರವಾಸ ಸಾಹಿತ್ಯದಲ್ಲಿ ಸಿಕ್ಕಿರುವ ಸ್ಥಳ ಬಹಳ ಕಡಮೆ. ಹೊರಡುವ ಸಂಭ್ರಮಕ್ಕೆ ಒಂದು ಅಧ್ಯಾಯ ಉಂಟು. ಹಡಗಿಗೋ ವಿಮಾನಕ್ಕೋ ಇನ್ನೊಂದು ಉಂಟು. ಕಂಡ ಊರು, ಉಂಡ ಊಟ, ಭಾಷೆ ಬಾರದೆ ಪಟ್ಟ ಪಾಡು, ಇವಕ್ಕೆಲ್ಲ ಬೇಕಾದಷ್ಟು ಪುಟಗಳುಂಟು. ಆದರೆ ಪ್ರವಾಸಿ ತನ್ನ ಮನೆಯ ಬೀಗ ತೆಗೆದು, ಪೆಟ್ಟಿಗೆಯನ್ನು ಗೋಡೆಗೆ ಒರಗಿಸಿ, ನಾಳೆಯ ಹಾಲಿಗೆ ಏನು ಮಾಡುವುದೆಂದು ಯೋಚಿಸುವ ಹೊತ್ತಿಗೆ ಪುಸ್ತಕ ಬಹುಮಟ್ಟಿಗೆ ಮುಗಿದಿರುತ್ತದೆ. ಗ್ರಂಥಕರ್ತರು ಮಂಗಳ ಹಾಡಿ ಎದ್ದುಹೋಗಿರುತ್ತಾರೆ. ಓದುಗನ ಸಂಕಟ ಶುರುವಾಗುವುದು ಅಲ್ಲಿಂದ.

ಈ ಸಂಕಟವನ್ನು ಕಣ್ಣಾರೆ ನೋಡಬೇಕೆಂದರೆ ಬೆಂಗಳೂರಿನ ತೆಂಕಣ ಅಂಚಿನ ಹೆಬ್ಬಗೋಡಿಗೆ ಬರಬೇಕು. ಒಂದು ಕಡೆ ಎಲೆಕ್ಟ್ರಾನಿಕ್ಸ್ ಸಿಟಿ, ಇನ್ನೊಂದು ಕಡೆ ಬೊಮ್ಮಸಂದ್ರದ ಕಾರ್ಖಾನೆಗಳು, ನಡುವೆ ಹೊಸೂರು ರಸ್ತೆ. 2025ರ ಆಗಸ್ಟಿನಿಂದ ಮೆಟ್ರೋ ಹಳದಿ ಮಾರ್ಗದ ರೈಲೂ ಇಲ್ಲಿಗೆ ಬರುತ್ತಿದೆ. ದಸರೆ ಕಳೆದ ಮೇಲೋ ಹೊಸ ವರ್ಷದ ಮೊದಲ ವಾರದಲ್ಲೋ ಆ ರೈಲಿನಲ್ಲಿ ಕುಳಿತರೆ ಒಂದೇ ಬಗೆಯ ಮಾತು ನಾಲ್ಕು ಕಡೆಯಿಂದ ಕಿವಿಗೆ ಬೀಳುತ್ತದೆ. ಸಿಂಗಪುರದಲ್ಲಿ ರಸ್ತೆ ದಾಟುವುದು ಎಷ್ಟು ಸುಲಭ! ಸ್ವಿಟ್ಜರ್ಲೆಂಡಿನ ಗಾಳಿ ಎಷ್ಟು ತಿಳಿ! "ಅಲ್ಲೇ ಇದ್ದುಬಿಡೋಣ ಅನ್ನಿಸಿತು ಕಣ್ರೀ." ಇದು ಮಾತಿಗೇ ನಿಲ್ಲುವುದಿಲ್ಲ. ಆ ಊರಿನಲ್ಲಿ ಮನೆ ಬಾಡಿಗೆ ಎಷ್ಟು, ಮಕ್ಕಳ ಶಾಲೆ ಹೇಗೆ, ವೀಸಾ ನಿಯಮಗಳೇನು ಎಂದು ಮೊಬೈಲಿನಲ್ಲಿ ಶೋಧನೆ ನಡೆಯುತ್ತದೆ. ಎರಡು ವಾರ ಕಳೆದರೆ ಬಿಸಿ ಆರುತ್ತದೆ. ಮುಂದಿನ ರಜೆಗೆ ಮತ್ತೆ ಕಾವೇರುತ್ತದೆ.

ಹಿಂದಿನವರು ಇಂಥದನ್ನು ಮನೋರಾಜ್ಯ ಎಂದರು. ಹಗಲುಗನಸು ಎಂಬುದಕ್ಕಿಂತ ಇದು ಬಿಗಿಯಾದ ಮಾತು. ಆ ರಾಜ್ಯದಲ್ಲಿ ಎಲ್ಲರೂ ಅರಸರೇ. ಕಂದಾಯ ಕಟ್ಟುವ ಪ್ರಜೆ ಒಬ್ಬನೂ ಇಲ್ಲ. ಇಂಥ ಕನಸನ್ನು ಕಂಡು ನಗುವುದು ಸುಲಭ; ದೇಶಾಭಿಮಾನದ ಹೆಸರೆತ್ತಿ ಗದರಿಸುವುದು ಇನ್ನೂ ಸುಲಭ. ವಿಮರ್ಶೆಗೆ ಅವೆರಡೂ ಒಪ್ಪುವ ಕೆಲಸವಲ್ಲ. ಕನಸಿಗೂ ಒಂದು ರೂಪವಿರುತ್ತದೆ. ಆ ರೂಪವನ್ನು ಕೊಡುವುದರಲ್ಲಿ ಸಾಹಿತ್ಯದ ಕೈವಾಡವೂ ಇರುತ್ತದೆ. ನಮ್ಮ ಪರದೇಶದ ಕನಸಿಗೆ ನಮ್ಮ ಬರಹಗಾರರು ಯಾವ ರೂಪ ಕೊಟ್ಟರು, ಏನನ್ನು ಹೇಳದೆ ಉಳಿಸಿದರು ಎಂಬುದನ್ನು ಇಲ್ಲಿ ಸ್ವಲ್ಪ ವಿಚಾರಿಸಬೇಕೆಂದಿದ್ದೇನೆ.

ಮೊದಲು ಪದವನ್ನೇ ನೋಡೋಣ. ಇಂದು ಪ್ರವಾಸವೆಂದರೆ ಸುತ್ತಾಟ, ವಿಹಾರ. ಅದಕ್ಕೊಂದು ಸರ್ಕಾರಿ ಇಲಾಖೆಯೂ ಉಂಟು. ಆದರೆ ಸಂಸ್ಕೃತದಲ್ಲಿ ಆ ಪದಕ್ಕೆ ಮನೆಯನ್ನು ಬಿಟ್ಟು ಬೇರೆಡೆ ಇರುವುದೆಂದು ಅರ್ಥ. ನಮ್ಮ ಆಲಂಕಾರಿಕರು ವಿಪ್ರಲಂಭ ಶೃಂಗಾರದ ಬಗೆಗಳನ್ನು ಎಣಿಸುವಾಗ ಪ್ರವಾಸವನ್ನೂ ಒಂದಾಗಿ ಎಣಿಸಿದ್ದಾರೆ. ಅಂದರೆ ಅವರಿಗೆ ಅದು ಅಗಲಿಕೆಯ ಹೆಸರು. ಕಾಳಿದಾಸನ ಯಕ್ಷ ರಾಮಗಿರಿಯಲ್ಲಿ ನಿಂತು ಮೋಡಕ್ಕೆ ಹೇಳುವ ದಾರಿಯಲ್ಲಿ ನದಿ, ಬೆಟ್ಟ, ಪಟ್ಟಣಗಳ ವರ್ಣನೆ ಒಂದು ಕೈಪಿಡಿಗೆ ಸಾಲುವಷ್ಟಿದೆ. ಆದರೂ ಮೇಘದೂತವನ್ನು ಯಾರೂ ಪ್ರವಾಸ ಕಥನವೆಂದು ಓದುವುದಿಲ್ಲ. ಆ ದಾರಿಯ ಕೊನೆಯಲ್ಲಿ ದಿನ ಎಣಿಸುತ್ತ ಕುಳಿತ ಒಬ್ಬಳಿದ್ದಾಳೆ. ದಾರಿಯ ಚೆಲುವಿಗೆಲ್ಲ ತೂಕ ಬಂದಿರುವುದು ಅವಳಿಂದ. ಪದದ ಅರ್ಥ ಅಗಲಿಕೆಯಿಂದ ವಿಹಾರದ ಕಡೆಗೆ ಜಾರಿದಾಗ ಈ ತೂಕ ಕಳಚಿಬಿದ್ದಿತು.

ಇನ್ನು ಕನ್ನಡದಲ್ಲಿ ಒಂದು ನಾಡಿಗಾಗಿ ಹಂಬಲಿಸಿದ ಮಾತೆಂದರೆ ಎಲ್ಲರ ನೆನಪಿಗೂ ಬರುವುದು ಪಂಪನ ಬನವಾಸಿ. ಹತ್ತನೆಯ ಶತಮಾನದಲ್ಲಿ ವೇಮುಲವಾಡದ ಅರಿಕೇಸರಿಯ ಆಶ್ರಯದಲ್ಲಿದ್ದ ಕವಿ, 'ವಿಕ್ರಮಾರ್ಜುನ ವಿಜಯ'ದಲ್ಲಿ ತೀರ್ಥಯಾತ್ರೆಗೆ ಹೊರಟ ಅರ್ಜುನನನ್ನು ಬನವಾಸಿಗೆ ಕರೆತರುತ್ತಾನೆ. ಮಾತು ಅರ್ಜುನನದೋ ಕವಿಯದೋ ಎಂದು ಬೇರ್ಪಡಿಸಲಾಗದಷ್ಟು ಸಲಿಗೆಯಿಂದ ಆ ನಾಡನ್ನು ಕೊಂಡಾಡುತ್ತಾನೆ. ಅಲ್ಲಿಯ ಒಂದು ಪದ್ಯದ ಅರ್ಧ ಭಾಗ ನಮಗೆಲ್ಲ ಬಾಯಿಪಾಠ: ಬನವಾಸಿಯ ನಂದನದಲ್ಲಿ ಮರಿದುಂಬಿಯಾಗಿಯೋ ಕೋಗಿಲೆಯಾಗಿಯೋ ಹುಟ್ಟಬೇಕೆಂಬ ಆಸೆ. ಆದರೆ ಪದ್ಯ ಮೊದಲಾಗುವುದು ದುಂಬಿಯಿಂದಲ್ಲ, ಮನುಷ್ಯರಿಂದ. ತ್ಯಾಗ, ಭೋಗ, ವಿದ್ಯೆ, ಸಂಗೀತ, ಗೋಷ್ಠಿ, ಇವುಗಳ ಸವಿಗೆ ನೆಲೆಯಾದವರೇ ನಿಜವಾದ ಮನುಷ್ಯರು. ಅಂಥವರಾಗಿ ಹುಟ್ಟುವುದೇ ದೊಡ್ಡ ಭಾಗ್ಯ. ಅದು ಕೈಗೂಡದೆ ಹೋದರೆ ದುಂಬಿಯಾದರೂ ಆಗಬೇಕು, ಕೋಗಿಲೆಯಾದರೂ ಆಗಬೇಕು. ಇದು ಕವಿಯ ಮಾತಿನ ಕ್ರಮ. ದುಂಬಿಯ ಜನ್ಮ ಅವನ ಎರಡನೆಯ ಆಯ್ಕೆ. ನಾವು ಮೊದಲನೆಯದನ್ನು ಮರೆತು ಎರಡನೆಯದನ್ನು ಉಳಿಸಿಕೊಂಡಿದ್ದೇವೆ.

ಆ ಪಟ್ಟಿಯ ತಲೆಯಲ್ಲಿ ನಿಂತಿರುವುದು ತ್ಯಾಗ, ಅಂದರೆ ಕೊಡುವ ಗುಣ. ಭೋಗ ಅದರ ಹಿಂದೆ ಬರುತ್ತದೆ. ಕೊನೆಯಲ್ಲಿ ಗೋಷ್ಠಿ, ನಾಲ್ಕು ಜನರೊಡನೆ ಕೂಡಿ ನಲಿಯುವುದು. ಒಂದು ಊರಿನಲ್ಲಿ ಮನುಷ್ಯನಾಗಿ ಬಾಳುವುದಕ್ಕೆ ಪಂಪ ಹಾಕಿಕೊಟ್ಟ ಲೆಕ್ಕ ಇದು. ದುಂಬಿಗೆ ಈ ಲೆಕ್ಕವಿಲ್ಲ. ಅದಕ್ಕೆ ಬಾಡಿಗೆಯಿಲ್ಲ, ನೆರೆಹೊರೆಯಿಲ್ಲ. ಒಂದು ಹೂ ಬಾಡಿದರೆ ಇನ್ನೊಂದು ಹೂ. ಏಳೆಂಟು ದಿನದ ರಜೆಯಲ್ಲಿ ಪರಸ್ಥಳದಲ್ಲಿ ನಾವು ಆಗುವುದು ದುಂಬಿಯೇ. ಹಾಸಿಗೆಯನ್ನು ಇನ್ನಾರೋ ಮಡಿಸುತ್ತಾರೆ, ತಟ್ಟೆಯನ್ನು ಇನ್ನಾರೋ ತೊಳೆಯುತ್ತಾರೆ, ಊರಿನ ಜಗಳ ನಮ್ಮ ಕಿವಿಗೆ ಬೀಳುವುದಿಲ್ಲ, ಬಿದ್ದರೂ ಭಾಷೆ ತಿಳಿಯುವುದಿಲ್ಲ. ಈ ಹಗುರವನ್ನು ನಾವು ಆ ದೇಶದ ಗುಣವೆಂದು ತಿಳಿಯುತ್ತೇವೆ. ಹೊಸೂರು ರಸ್ತೆಗೆ ಹಿಂದಿರುಗಿದಾಗ ಕಳೆದುಕೊಂಡೆವೆನ್ನಿಸುವುದು ಆ ದೇಶ. ನಿಜವಾಗಿ ಕಳೆದದ್ದು ರೆಕ್ಕೆ. ಅಲ್ಲಿಗೇ ಹೋಗಿ ಮನೆ ಮಾಡಿದರೂ ಆ ರೆಕ್ಕೆ ಮತ್ತೆ ಮೂಡದು. ಅಲ್ಲಿಯೂ ಸೋಮವಾರ ಉಂಟು.

ಈಗ ನಮ್ಮ ಪ್ರವಾಸ ಗ್ರಂಥಗಳಿಗೆ ಬರೋಣ. ಶಿವರಾಮ ಕಾರಂತರ 'ಅಪೂರ್ವ ಪಶ್ಚಿಮ', ಎ. ಎನ್. ಮೂರ್ತಿರಾಯರ 'ಅಪರವಯಸ್ಕನ ಅಮೆರಿಕಾ ಯಾತ್ರೆ', ಗೊರೂರು ರಾಮಸ್ವಾಮಿ ಅಯ್ಯಂಗಾರ್ ಅವರ 'ಅಮೆರಿಕದಲ್ಲಿ ಗೊರೂರು' ಮೊದಲಾದವನ್ನು ಓದಿ ನಮ್ಮ ಮಧ್ಯಮ ವರ್ಗ ಪಶ್ಚಿಮವನ್ನು ಕಂಡುಕೊಂಡಿತು. ಕೊನೆಯ ಪುಸ್ತಕಕ್ಕೆ 1980ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂದಿತು. ಬರೆದವರೆಲ್ಲ ಮಾಗಿದ ಮನಸ್ಸಿನವರು. ಮೈಮರೆತು ಹೊಗಳುವವರೂ ಅಲ್ಲ, ಹಟದಿಂದ ಹಳಿಯುವವರೂ ಅಲ್ಲ. ಗೊರೂರರ ಪುಸ್ತಕದ ಹೆಸರಿನಲ್ಲಿಯೇ ಒಂದು ವಿವೇಕವಿದೆ. ಹೇಮಾವತಿಯ ದಡದ ಹಳ್ಳಿಯ ಹೆಸರನ್ನೇ ತಮ್ಮ ಹೆಸರಾಗಿ ಹೊತ್ತವರು ಹೋದರೆಂದರೆ ಅವರೊಡನೆ ಆ ಹಳ್ಳಿಯೂ ಅಮೆರಿಕೆಯನ್ನು ನೋಡಿ ಬಂದಂತಾಯಿತು.

ಆದರೆ ಒಂದು ಮಿತಿ ಇವಕ್ಕೆಲ್ಲ ಸಮಾನ. ಇವು ಅತಿಥಿಗಳು ಬರೆದ ಪುಸ್ತಕಗಳು. ಅತಿಥಿಯ ಕಣ್ಣು ಚುರುಕು, ನಾಲಗೆ ಸೌಜನ್ಯದ್ದು. ಮನೆಯವರ ಸಾಲ, ಕಾಯಿಲೆ, ಒಂಟಿತನಗಳು ಅದಕ್ಕೆ ಪೂರ್ತಿಯಾಗಿ ದಕ್ಕುವುದು ಅಪರೂಪ. ಅತಿಥಿ ಕಂಡ ಪರದೇಶವನ್ನು ಓದುಗ ತಾನು ವಾಸ ಮಾಡಬಹುದಾದ ಪರದೇಶವೆಂದು ತಿಳಿದುಕೊಂಡರೆ ಅದು ಗ್ರಂಥಕರ್ತರ ತಪ್ಪಲ್ಲ. ಆದರೂ ಎರಡಕ್ಕೂ ಇರುವ ಅಂತರವನ್ನು ಕಾಣಿಸುವ ಅಧ್ಯಾಯ, ಹಿಂದಿರುಗಿದ ಮೇಲಿನ ಅಧ್ಯಾಯ, ಈ ಪ್ರಕಾರದಲ್ಲಿ ಬೆಳೆಯದೆ ಉಳಿದದ್ದು ನಮಗಾದ ನಷ್ಟ.

ಪರದೇಶದಲ್ಲಿ ನೆಲಸಿದವರು ಬರೆದದ್ದು ಬೇರೆ ಬಗೆ. ಮೈಸೂರಿನ ಎ. ಕೆ. ರಾಮಾನುಜನ್ 1959ರಲ್ಲಿ ಅಮೆರಿಕೆಗೆ ಹೋದರು. ಷಿಕಾಗೋ ವಿಶ್ವವಿದ್ಯಾನಿಲಯದಲ್ಲಿ ಬಹುಕಾಲ ಪಾಠ ಹೇಳಿ, 1993ರಲ್ಲಿ ಆ ನಗರದಲ್ಲಿಯೇ ತೀರಿಕೊಂಡರು. 'ಹೊಕ್ಕುಳಲ್ಲಿ ಹೂವಿಲ್ಲ' (1969) ಮೊದಲಾದ ಅವರ ಸಂಕಲನಗಳಲ್ಲಿ ಅಮೆರಿಕದ ವೈಭವವನ್ನು ಹುಡುಕಹೊರಟವರಿಗೆ ಕೈಗೆ ಸಿಕ್ಕುವುದು ಹೆಚ್ಚಾಗಿ ಮೈ, ಮನೆ, ನೆನಪುಗಳೇ. ಯು. ಆರ್. ಅನಂತಮೂರ್ತಿಯವರು ಬರ್ಮಿಂಗ್‌ಹ್ಯಾಮಿನಲ್ಲಿ ಸಂಶೋಧನೆ ಮಾಡುತ್ತಿದ್ದಾಗ ಬರೆದ 'ಸಂಸ್ಕಾರ'ದಲ್ಲಿ (1965) ಇರುವುದು ಮಲೆನಾಡಿನ ಒಂದು ಅಗ್ರಹಾರ. ಇದನ್ನು ನಿಯಮವೆಂದು ಹೇಳಲಾಗದು. ಆದರೂ ಗಮನಿಸತಕ್ಕ ಸಂಗತಿ. ಸ್ವಲ್ಪ ದಿನಕ್ಕೆ ಹೋದವರು ಪರದೇಶವನ್ನು ಬರೆದರು; ಅಲ್ಲಿ ವಾಸ ಮಾಡಿದವರು ತಮ್ಮ ಊರನ್ನು ಬರೆದರು. ದುಂಬಿಯ ಅವಸ್ಥೆ ಮುಗಿದು ಮನುಷ್ಯನ ಅವಸ್ಥೆ ಆರಂಭವಾದಾಗ ಹಂಬಲ ದಿಕ್ಕು ಬದಲಿಸುತ್ತದೆಂದು ತೋರುತ್ತದೆ.

ಹಾಗೆಂದು ವಲಸೆ ಹೋದದ್ದು ನಷ್ಟವೆಂದಲ್ಲ. ರಾಮಾನುಜನ್ ಅವರು 1973ರಲ್ಲಿ ನಮ್ಮ ವಚನಗಳನ್ನು 'ಸ್ಪೀಕಿಂಗ್ ಆಫ್ ಶಿವ' ಎಂಬ ಹೆಸರಿನಲ್ಲಿ ಇಂಗ್ಲಿಷಿಗೆ ತಂದರು. ಬಸವಣ್ಣ, ಅಲ್ಲಮ, ಅಕ್ಕಮಹಾದೇವಿಯರು ದೂರದ ಓದುಗರ ಮನೆ ಸೇರಿದರು. ತಾವು ನೆಲಸಿದ ನಾಡಿಗೆ ಬರಿಗೈಯಲ್ಲಿ ಹೋಗದೆ ಕೊಡುವುದಕ್ಕೆ ಏನನ್ನೋ ಒಯ್ದ ಮನುಷ್ಯ ಅವರು. ಪಂಪನ ಪಟ್ಟಿಯಲ್ಲಿ ತ್ಯಾಗ ಮೊದಲು ಏಕೆ ನಿಂತಿತೆಂಬುದು ಇಂಥವರನ್ನು ನೋಡಿದರೆ ತಿಳಿಯುತ್ತದೆ.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. "ನಮ್ಮ ಊರುಗಳು ಚೆನ್ನಾಗಿದ್ದರೆ ಯಾರು ಹೊರಗಿನದಕ್ಕೆ ಆಸೆಪಡುತ್ತಾರೆ ಸ್ವಾಮಿ? ಧೂಳು, ವಾಹನಗಳ ಒತ್ತಡ, ಬೇಸಿಗೆಯಲ್ಲಿ ಟ್ಯಾಂಕರ್ ನೀರು, ಇವನ್ನು ಪಂಪನ ಪದ್ಯ ಪರಿಹರಿಸುತ್ತದೆಯೇ?" ಒಪ್ಪತಕ್ಕ ಮಾತು. ನಡೆಯಲು ಕಾಲುದಾರಿ ಬೇಕೆನ್ನುವುದು ಮನೋರಾಜ್ಯವಲ್ಲ, ನ್ಯಾಯ. ಓದಿಗೋ ಹೊಟ್ಟೆಪಾಡಿಗೋ ಲೆಕ್ಕ ಹಾಕಿ ಪರದೇಶಕ್ಕೆ ಹೋಗುವವರನ್ನು ಕುರಿತೂ ನಾನು ಇಲ್ಲಿ ಹೇಳುತ್ತಿಲ್ಲ. ಆದರೆ ನ್ಯಾಯವಾದ ದೂರು ಹಗಲುಗನಸಾಗಿ ತಿರುಗಿದಾಗ ಅದರ ಬಲ ಸೋರಿಹೋಗುತ್ತದೆ. ಊರಿನ ಚರಂಡಿಗಾಗಿ ಆಡಬೇಕಾದ ಮಾತು ಇನ್ನಾವುದೋ ಊರಿನ ಬಾಡಿಗೆಯ ವಿಚಾರಣೆಯಲ್ಲಿ ತೀರಿಹೋಗುತ್ತದೆ. ಹೆಬ್ಬಗೋಡಿಯ ಕೆರೆ ಕೊಳಚೆಯಿಂದ ಕೆಟ್ಟಿತ್ತು; ಅದನ್ನು ಶುದ್ಧಿಗೊಳಿಸುವ ಕೆಲಸ ನಡೆಯಿತು. ಅದು ಇಲ್ಲಿಯೇ ನಿಂತು ನೀರನ್ನು ನೋಡಿದವರಿಂದ ಆದ ಕೆಲಸ.

ಇದೇ ರಸ್ತೆಯಲ್ಲಿ ಇನ್ನೊಂದು ಬಗೆಯ ಪ್ರವಾಸಿಗಳೂ ಇದ್ದಾರೆ. ಬೊಮ್ಮಸಂದ್ರದ ಕಾರ್ಖಾನೆಗಳಿಗೆ ಉತ್ತರ ಕರ್ನಾಟಕದಿಂದ, ಒಡಿಶಾದಿಂದ, ಬಿಹಾರದಿಂದ, ಅಸ್ಸಾಮಿನಿಂದ ಬಂದವರು. ಅವರ ರಜೆ ಊರಿಗೆ ಹೋಗುವ ರಜೆ. ಅದು ಮುಗಿದ ಮೇಲಿನ ದುಃಖ ಹೆಬ್ಬಗೋಡಿಗೆ ಬರುವ ದುಃಖ. ಒಬ್ಬರು ಅತಿಥಿಯಾಗಿದ್ದ ಊರನ್ನು ನೆನೆದು ಮಂಕಾಗಿದ್ದಾರೆ; ಪಕ್ಕದಲ್ಲಿ ಕಂಬಿ ಹಿಡಿದು ನಿಂತ ಇನ್ನೊಬ್ಬರು ಮಗುವನ್ನು ಅಜ್ಜಿಯ ಬಳಿ ಬಿಟ್ಟುಬಂದ ಊರನ್ನು ನೆನೆದು ಮಂಕಾಗಿದ್ದಾರೆ. ಹೊರಗಿನಿಂದ ನೋಡಿದರೆ ಎರಡು ಮುಖಗಳೂ ಒಂದೇ. ಆದರೆ ಆಲಂಕಾರಿಕರು ಹೇಳಿದ ಪ್ರವಾಸ ಇರುವುದು ಎರಡನೆಯವರಲ್ಲಿ. ಮೊದಲನೆಯವರ ಬಗ್ಗೆ ನಮ್ಮಲ್ಲಿ ಗ್ರಂಥಗಳುಂಟು. ಎರಡನೆಯವರ ಬಗ್ಗೆ ಕನ್ನಡ ಇನ್ನೂ ಸಾಕಷ್ಟು ಬರೆದಿಲ್ಲ.

ಹಾಗಾದರೆ ಪ್ರವಾಸ ಕಥನ ಬೇಡವೇ? ಬೇಕು. ಹೇಗಿರಬೇಕೆಂಬುದಕ್ಕೆ ಬಿ. ಜಿ. ಎಲ್. ಸ್ವಾಮಿಯವರಲ್ಲಿ ಒಳ್ಳೆಯ ನಿದರ್ಶನವಿದೆ. ಹಾರ್ವರ್ಡಿನಲ್ಲಿ ಸಸ್ಯಶಾಸ್ತ್ರದ ಸಂಶೋಧನೆ ಮಾಡಿ ಬಂದವರು. 'ಅಮೆರಿಕದಲ್ಲಿ ನಾನು' ಎಂಬ ಪುಸ್ತಕವನ್ನೂ ಬರೆದರು. ಆದರೆ ಅವರಿಗೆ 1978ರ ಅಕಾಡೆಮಿ ಪ್ರಶಸ್ತಿ ತಂದ 'ಹಸುರು ಹೊನ್ನು', ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಪಶ್ಚಿಮ ಘಟ್ಟದ ಕಾಡುಗಳಲ್ಲಿ ಗಿಡಮರ ನೋಡುತ್ತ ಅಲೆದ ಕಥೆ. ಅಲ್ಲಿ ವಿಹಾರವಿದೆ, ನಗೆಯಿದೆ. ಜೊತೆಗೆ ಕೈಯಲ್ಲಿ ಕೆಲಸವಿದೆ, ಕಲಿಸಬೇಕಾದ ಮಕ್ಕಳಿದ್ದಾರೆ. ತ್ಯಾಗ, ವಿದ್ಯೆ, ಗೋಷ್ಠಿ ಮೂರೂ ಕೂಡಿವೆ. ಅಂಥ ಸಂಚಾರದಿಂದ ಹಿಂದಿರುಗಿದವರು ಹೊತ್ತು ತರುವುದು ಮಾದರಿ ಸಸ್ಯಗಳನ್ನು; ಮಂಕು ಹಿಡಿದು ಕೂರುವುದಕ್ಕೆ ಅವರಿಗೆ ಬಿಡುವೆಲ್ಲಿ?

ಹೆಬ್ಬಗೋಡಿಯನ್ನು ಯಾರೂ ಕನಸಿನಲ್ಲಿ ಕಾಣುವುದಿಲ್ಲ ಎನ್ನುವವರುಂಟು. ಪಂಪನ ಲೆಕ್ಕದಲ್ಲಿ ಇದಕ್ಕೆ ಎಷ್ಟು ಅಂಕ ಬಂದೀತು? ದುಡಿಮೆ ಇಲ್ಲಿ ಧಾರಾಳ. ಗೋಷ್ಠಿಯೂ ಇಲ್ಲದಿಲ್ಲ, ಹತ್ತಿರದ ಹುಸ್ಕೂರಿನ ಮದ್ದೂರಮ್ಮನ ಜಾತ್ರೆಗೆ ಸುತ್ತಣ ಹಳ್ಳಿಯವರು ಮುಗಿಲೆತ್ತರದ ತೇರುಗಳನ್ನು ಕಟ್ಟಿ ಎಳೆದುಕೊಂಡು ಬರುವುದನ್ನು ಕಂಡವರಿಗೆ ಇದು ಗೊತ್ತು. ವಿದ್ಯೆಯ ಅಂಕಣದಲ್ಲಿ, ಅದರಲ್ಲಿಯೂ ಬರವಣಿಗೆಯ ಅಂಕಣದಲ್ಲಿ, ಸ್ಥಳ ಬಹುಮಟ್ಟಿಗೆ ಖಾಲಿ. ಬಂದವರೆಲ್ಲ ಇನ್ನೆಲ್ಲಿಗೋ ಹೋಗುವವರಂತೆ ಕುಳಿತಿರುವ ಊರನ್ನು ಬರೆಯುವವರು ಯಾರು? ಆದರೆ ಇಲ್ಲಿಯ ಬಾಡಿಗೆ ಮನೆಗಳಲ್ಲಿ ಬೆಳೆಯುತ್ತಿರುವ ಮಕ್ಕಳಿಗೆ ಬೇರೆ ಬನವಾಸಿಯಿಲ್ಲ. ನಾಳೆ ಅವರೂ ದೂರ ಹೋಗುತ್ತಾರೆ. ಹೋದಲ್ಲಿ ಒಂದು ದಿನ ಊರು ನೆನಪಾಗುತ್ತದೆ. ಆಗ ಅವರ ನೆನಪಿಗೆ ಬರುವುದು ಇದೇ ರಸ್ತೆ, ಇದೇ ಕೆರೆ, ಇದೇ ಜಾತ್ರೆ. ಅವನ್ನು ನೆನೆಯತಕ್ಕವನ್ನಾಗಿ ಮಾಡುವ ಹೊಣೆ ಈಗ ಇಲ್ಲಿರುವವರದು.