ದಿಮಿತಾರ್ ಜಪ್ರಿಯಾನೊವ್ ಮತ್ತು ಮಾಸ್ಕೋದ ಬೆಳ್ಳಿ

1980ರ ಮಾಸ್ಕೋ ಒಲಿಂಪಿಕ್ಸ್‌ನಲ್ಲಿ, 95 ಕಿಲೋಗ್ರಾಮಿಗೆ ಮೇಲ್ಪಟ್ಟ ಜೂಡೋ ಪಟುಗಳ ವಿಭಾಗದಲ್ಲಿ ಬೆಳ್ಳಿಯನ್ನು ಗಳಿಸಿದ ಬಲ್ಗೇರಿಯದ ದಿಮಿತಾರ್ ಜಪ್ರಿಯಾನೊವ್‌ನ ಹೆಸರು ಬಂದೆಡೆಯಲ್ಲೆಲ್ಲ, ಆ ಸಲ ಜಪಾನು ಬಂದಿರಲಿಲ್ಲವೆಂಬ ಮಾತೂ ಬೆನ್ನಿಗೇ ಬರುತ್ತದೆ. ಮಾತು ಸುಳ್ಳಲ್ಲ. ಅಫಘಾನಿಸ್ತಾನಕ್ಕೆ ಸೋವಿಯತ್ ಸೇನೆ ನುಗ್ಗಿದುದನ್ನು ಪ್ರತಿಭಟಿಸಿ ಅಮೆರಿಕ, ಪಶ್ಚಿಮ ಜರ್ಮನಿ, ಜಪಾನು ಮೊದಲಾದ ರಾಷ್ಟ್ರಗಳು ಆ ಕೂಟವನ್ನು ತೊರೆದಿದ್ದುವು. ಹಿಂದಿನ ವರ್ಷವಷ್ಟೇ ಪ್ಯಾರಿಸ್ಸಿನಲ್ಲಿ ಇದೇ ತೂಕದ ವಿಶ್ವವಿಜೇತನಾಗಿದ್ದ ಯಾಸುಹಿರೊ ಯಾಮಾಶಿತ ಸ್ವದೇಶದಲ್ಲಿಯೇ ಉಳಿಯಬೇಕಾಯಿತು. ಆದರೂ, ಬಾರದವನ ಕೀರ್ತಿಯನ್ನು ಅಳತೆಗೋಲಾಗಿ ಹಿಡಿದು ಬಂದವನ ಸಾಧನೆಯನ್ನು ಕುಗ್ಗಿಸುವುದು ನ್ಯಾಯವಲ್ಲವೆಂದು ನಾನು ದೃಢವಾಗಿ ನಂಬಿದ್ದೇನೆ. ಪಟುವಿನ ಯೋಗ್ಯತೆಗೆ ಸಾಕ್ಷಿ ನುಡಿಯಬೇಕಾದವರು ಅವನೆದುರು ಕಣಕ್ಕಿಳಿದವರು.

ಅಂತಿಮ ಪಂದ್ಯದಲ್ಲಿ ಹಾಗೆ ಇಳಿದವನು ಆಂಜೆಲೊ ಪಾರಿಸಿ. ಇಟಲಿಯಲ್ಲಿ ಹುಟ್ಟಿ, 1972ರ ಮ್ಯೂನಿಕ್‌ನಲ್ಲಿ ಬ್ರಿಟನ್ನಿನ ಪರವಾಗಿ ಮುಕ್ತ ವಿಭಾಗದ ಕಂಚನ್ನು ಪಡೆದು, ಅನಂತರ ಫ್ರಾನ್ಸಿನ ಪಕ್ಷದಲ್ಲಿ ನಿಂತ ಈತನಲ್ಲಿ ಭಾರವರ್ಗದ ಮಲ್ಲರಲ್ಲಿ ದುರ್ಲಭವಾದ ಲಾಘವವಿತ್ತು. ಎದುರಾಳಿಯ ತೋಳನ್ನು ಬಿಗಿಹಿಡಿದು, ಕಣ್ಣೆವೆಯಿಕ್ಕುವಷ್ಟರಲ್ಲಿ ಬೆನ್ನು ತಿರುಗಿಸಿ, ಮೊಣಕಾಲುಗಳನ್ನು ಬಗ್ಗಿಸಿ ಅವನ ಎದೆಯ ಕೆಳಕ್ಕೆ ನುಸುಳಿ, ಹೆಗಲ ಮೇಲಿಂದ ಮುಂದಕ್ಕೆ ಉರುಳಿಸುವ ಸೆಯೊಯಿ-ನಾಗೆ ಎಂಬ ಪಟ್ಟು ಸಾಮಾನ್ಯವಾಗಿ ಹಗುರಮೈಯವರಿಗೆ ಒಲಿದದ್ದು. ಪಾರಿಸಿ ಅದನ್ನು ದಢೂತಿಗಳ ಮೇಲೆ ಪ್ರಯೋಗಿಸಿ ಪ್ರಖ್ಯಾತನಾದ. ಎದುರಾಳಿ ಮುಂದಕ್ಕೆ ಒತ್ತಿದಷ್ಟೂ ಆ ಒತ್ತಡವೇ ಎಸೆತಕ್ಕೆ ಒದಗುವುದರಿಂದ, ಮೈಭಾರವನ್ನು ನೆಚ್ಚಿದವನಿಗೆ ಇಂಥವನ ಮುಂದೆ ನೆಚ್ಚಿಕೆಯೇ ಅಪಾಯ. ನಾಲ್ಕು ವರ್ಷಗಳ ಮೇಲೆ, ಜಪಾನು ಪೂರ್ಣಬಲದಿಂದ ಬಂದ ಲಾಸ್ ಏಂಜಲೀಸ್‌ನಲ್ಲಿಯೂ ಪಾರಿಸಿ ಅಂತಿಮ ಪಂದ್ಯದವರೆಗೆ ಏರಿ, ಹಿತೋಶಿ ಸೈತೊವಿಗಷ್ಟೇ ಮಣಿದನೆಂಬುದನ್ನು ನೆನೆದರೆ, ಜಪ್ರಿಯಾನೊವ್ ಸೋತದ್ದು ಎಂಥವನಿಗೆಂಬುದು ಸ್ಪಷ್ಟವಾಗುತ್ತದೆ. ಮಾಸ್ಕೋದಲ್ಲಿ ಕಂಚಿಗೆ ತೃಪ್ತರಾದ ಯುಗೊಸ್ಲಾವಿಯದ ರಾದೋಮಿರ್ ಕೊವಾಚೆವಿಚ್, ಚೆಕೊಸ್ಲೊವಾಕಿಯದ ವ್ಲಾದಿಮೀರ್ ಕೊಟ್ಸ್‌ಮನ್ ಇವರೂ ಸಾಮಾನ್ಯರಲ್ಲ.

ಹಾಗೆಂದು ಆ ಬೆಳ್ಳಿಗೆ ಇಲ್ಲದ ಹೊಳಪನ್ನು ಹಚ್ಚಲಾರೆ. ಯಾಮಾಶಿತ ಬಂದಿದ್ದರೆ ಬಂಗಾರ ಅವನದೇ ಆಗುತ್ತಿತ್ತೆಂಬುದರಲ್ಲಿ ನನಗೆ ಸಂಶಯವಿಲ್ಲ. 203 ಪಂದ್ಯಗಳಲ್ಲಿ ಸತತವಾಗಿ ಸೋಲನ್ನೇ ಕಾಣದೆ 1985ರಲ್ಲಿ ಕಣದಿಂದ ನಿವೃತ್ತನಾದವನು ಆತ. ಆದರೆ ರಾಜಕಾರಣದ ಹೊಡೆತ ಒಂದೇ ಪಕ್ಷಕ್ಕೆ ತಗುಲಲಿಲ್ಲ. 1984ರಲ್ಲಿ ಸೋವಿಯತ್ ಒಕ್ಕೂಟ ಲಾಸ್ ಏಂಜಲೀಸ್‌ಗೆ ಬೆನ್ನು ತೋರಿದಾಗ ಬಲ್ಗೇರಿಯವೂ ಅದರ ಹಿಂದೆಯೇ ನಡೆಯಿತು. ಆ ವರ್ಷ ಯಾಮಾಶಿತ ಮುಕ್ತ ವಿಭಾಗದ ಬಂಗಾರವನ್ನು ಪಡೆದಾಗ, ಅಲ್ಲಿ ಬಲ್ಗೇರಿಯದ ಪಟುಗಳು ಇರಲಿಲ್ಲವೆಂಬುದನ್ನು ಎತ್ತಿ ಅವನ ಪದಕವನ್ನು ಯಾರೂ ಕೀಳ್ಗಳೆಯಲಿಲ್ಲ, ಕೀಳ್ಗಳೆಯಲೂ ಬಾರದು. ಅದೇ ಔದಾರ್ಯಕ್ಕೆ ಜಪ್ರಿಯಾನೊವ್ ಕೂಡ ಅರ್ಹನಲ್ಲವೆ?

ಕುಸ್ತಿಯಲ್ಲಿಯೂ ಭಾರ ಎತ್ತುವುದರಲ್ಲಿಯೂ ಲೋಕಪ್ರಸಿದ್ಧವಾದ ಆ ಪುಟ್ಟ ದೇಶಕ್ಕೆ ಒಲಿಂಪಿಕ್ ಜೂಡೋದಲ್ಲಿ ಮೊದಲ ಪದಕಗಳು ದೊರೆತದ್ದು ಮಾಸ್ಕೋದಲ್ಲಿ: ಜಪ್ರಿಯಾನೊವ್‌ನ ಬೆಳ್ಳಿ, 65 ಕಿಲೋಗ್ರಾಮ್ ವಿಭಾಗದಲ್ಲಿ ಇಲಿಯಾನ್ ನೆದ್ಕೊವ್‌ನ ಕಂಚು. ಅನಂತರ 2004ರ ಅಥೆನ್ಸ್‌ನಲ್ಲಿ ಗೆಯೋರ್ಗಿ ಗೆಯೋರ್ಗಿಯೆವ್ 66 ಕಿಲೋಗ್ರಾಮ್ ವಿಭಾಗದ ಕಂಚನ್ನು ತಂದ. ಬೆಳ್ಳಿಯನ್ನು ಮೀರಿದ ಪದಕವನ್ನು ಆ ದೇಶದ ಯಾವ ಜೂಡೋ ಪಟುವೂ ಒಲಿಂಪಿಕ್ಸ್‌ನಿಂದ ಇದುವರೆಗೆ ತಂದಿಲ್ಲ.