ಫೈರ್ ಸ್ಟಿಕ್ಕಿನಲ್ಲಿ ಸಿಗುವ ಕನ್ನಡ, ಸಿಗದ ಹುನಗುಂದ

ಬಾಗಲಕೋಟೆ ಜಿಲ್ಲೆಯಿಂದ ಹೊರದೇಶಕ್ಕೆ ಹೋಗಿ ನೆಲೆಸಿದವರ ಮನೆಗಳಲ್ಲಿ ಟೀವಿಯ ಬೆನ್ನಿಗೆ ಬೆರಳುದ್ದದ ಒಂದು ಸ್ಟಿಕ್ ಅಂಟಿಕೊಂಡಿರುವುದು ಈಗ ಸಾಮಾನ್ಯ. ಅಮೆಜಾನಿನ ಫೈರ್ ಟಿವಿ ಸ್ಟಿಕ್, ಇಲ್ಲವೆ ರೋಕು, ಇಲ್ಲವೆ ಗೂಗಲ್‌ನ ಕ್ರೋಮ್‌ಕಾಸ್ಟ್. ಎಚ್‌ಡಿಎಂಐ ಕಿಂಡಿಗೆ ಸಿಕ್ಕಿಸಿ ವೈಫೈ ಕೊಟ್ಟರೆ ಉದಯ, ಜೀ ಕನ್ನಡ, ಕಲರ್ಸ್ ಕನ್ನಡ, ಚಂದನ ಎಲ್ಲ ಬರುತ್ತವೆ, ಊರೇ ಮನೆಗೆ ಬಂದಂತಾಗುತ್ತದೆ ಎಂಬ ನಂಬಿಕೆಯಿಂದ ಅದನ್ನು ಕೊಂಡಿರುತ್ತಾರೆ. ಆ ನಂಬಿಕೆ ಅರ್ಧ ಮಾತ್ರ ನಿಜವಾಗುತ್ತದೆ. ಉಳಿದರ್ಧ ಸುಳ್ಳಾಗುವುದಕ್ಕೆ ಕಾರಣ ಸ್ಟಿಕ್ಕಿನೊಳಗಿಲ್ಲ. ಅದು ಬೆಂಗಳೂರಿನ ಸ್ಟುಡಿಯೋಗಳಲ್ಲಿದೆ, ಪ್ರಸಾರ ಹಕ್ಕಿನ ಕರಾರುಗಳಲ್ಲಿದೆ.

ಮೊದಲು ಅದರ ಉಪಕಾರವನ್ನು ಹೇಳಬೇಕು. ಕ್ರೋಮ್‌ಕಾಸ್ಟ್ ಬಂದದ್ದು 2013ರಲ್ಲಿ, ಫೈರ್ ಟಿವಿ ಸ್ಟಿಕ್ ಅದರ ಮರುವರ್ಷ. ಅದಕ್ಕೂ ಹಿಂದೆ ಹೊರದೇಶದ ಎಷ್ಟೋ ಮನೆಗಳಿಗೆ ಊರಿನ ಟೀವಿ ಎಂದರೆ, ರಜೆಗೆ ಬಂದು ಹೋಗುವವರ ಪೆಟ್ಟಿಗೆಯಲ್ಲಿ ಶೇಂಗಾ ಚಟ್ನಿ, ಅಮೀನಗಡದ ಕರದಂಟುಗಳ ನಡುವೆ ಸಿಕ್ಕಿಸಿಕೊಂಡು ಬರುತ್ತಿದ್ದ ಕ್ಯಾಸೆಟ್ಟು, ಸೀಡಿಗಳಷ್ಟೇ. ಇವತ್ತಿನ ಸಂಗತಿ ಬೇರೆ. ಹುನಗುಂದದ ತಾಯಿಯೊಬ್ಬರು ಚಳಿಗಾಲದಲ್ಲಿ ನ್ಯೂಜೆರ್ಸಿಯ ಮಗನ ಮನೆಗೆ ಹೋಗಿದ್ದಾರೆ ಎಂದುಕೊಳ್ಳಿ. ಇಂಥವರು ನಮ್ಮ ಓಣಿ ಓಣಿಗೂ ಇದ್ದಾರೆ. ಮಗ ಸೊಸೆ ಕೆಲಸಕ್ಕೆ, ಮೊಮ್ಮಕ್ಕಳು ಸಾಲಿಗೆ. ಹೊರಗೆ ಹಿಮ, ಮಾತಾಡಿಸುವವರಿಲ್ಲ. ಊರಿನ ರಾತ್ರಿ ಒಂಬತ್ತರ ಧಾರಾವಾಹಿ ಅಲ್ಲಿ ಬೆಳಿಗ್ಗೆ ಹತ್ತೂವರೆಗೆ ಶುರುವಾಗುತ್ತದೆ. ಹನ್ನೊಂದಕ್ಕೆ ಮುಗಿದ ಕೂಡಲೇ ಅವರು ಇಳಕಲ್ಲಿನ ತಂಗಿಗೆ ಫೋನು ಹಚ್ಚುತ್ತಾರೆ. ಅಲ್ಲಿ ಊಟ ಮುಗಿಸಿ ಭಾಂಡೆ ತಿಕ್ಕಿಟ್ಟ ತಂಗಿಯೂ ಅದೇ ಕಂತು ನೋಡಿ ಎದ್ದಿರುತ್ತಾಳೆ. ‘ಆಕಿ ಹಂಗ ಮಾಡಬಾರದಿತ್ತು ನೋಡ ಅಕ್ಕಾ’ ಎಂದು ಅರ್ಧ ತಾಸು ಮಾತು. ಕಥೆ ಎಷ್ಟೇ ಸಪ್ಪೆಯಿರಲಿ, ಎರಡು ಖಂಡಗಳ ಇಬ್ಬರು ಅಕ್ಕತಂಗಿಯರಿಗೆ ಅದೇ ದಿನ ಅದೇ ಮಾತು ಸಿಕ್ಕಿತು. ಕ್ಯಾಸೆಟ್ಟಿನ ಕಾಲದಲ್ಲಿ ಇದು ಆಗದ ಮಾತಾಗಿತ್ತು. ಧಾರಾವಾಹಿಗಳನ್ನು ತೆಗಳುವ ಮೊದಲು ಈ ಫೋನ್ ಕರೆಯನ್ನು ನೆನೆಯಬೇಕು ಎಂದು ನನಗೆ ಯಾವಾಗಲೂ ಅನ್ನಿಸುತ್ತದೆ.

ಆದರೆ ಆ ಕಂತು ತೆರೆಯ ಮೇಲೆ ಬರುವಷ್ಟರಲ್ಲಿ ಆಗುವ ಪಡಿಪಾಟಲು ಸಣ್ಣದಲ್ಲ. ಪ್ರಸಾರದ ಹಕ್ಕನ್ನು ದೇಶ ದೇಶಕ್ಕೆ ಬೇರೆಬೇರೆಯಾಗಿ ಮಾರುತ್ತಾರೆ. ನೋಡುವವರು ಯಾವ ದೇಶದಲ್ಲಿದ್ದಾರೆ ಎಂಬುದನ್ನು ಆ್ಯಪ್ ಇಂಟರ್ನೆಟ್ ವಿಳಾಸದಿಂದ ತಿಳಿಯುತ್ತದೆ. ಹಾಗಾಗಿ ಬಾಗಲಕೋಟೆಯ ನವನಗರದ ಅಂಗಡಿಯಲ್ಲಿ ಕೊಂಡ ಸ್ಟಿಕ್ಕನ್ನು ಅಲ್ಲಿಗೆ ಒಯ್ದರೂ ಅದು ಊರಿನ ಸ್ಟಿಕ್ಕಾಗಿ ಉಳಿಯುವುದಿಲ್ಲ, ‘ಈ ಕಾರ್ಯಕ್ರಮ ನಿಮ್ಮ ಪ್ರದೇಶದಲ್ಲಿ ಲಭ್ಯವಿಲ್ಲ’ ಎಂದುಬಿಡುತ್ತದೆ. ಆಗ ಕೆಲವರು ಭಾರತದಲ್ಲೇ ಇದ್ದಂತೆ ತೋರಿಸುವ ವಿಪಿಎನ್ ಹಾಕಿಕೊಳ್ಳುತ್ತಾರೆ. ಅಷ್ಟಕ್ಕೆ ಮುಗಿಯುವುದಿಲ್ಲ, ಲಾಗಿನ್ ಆಗಲು ಭಾರತದ ಮೊಬೈಲ್ ನಂಬರು ಬೇಕು. ನಂಬರು ಇಳಕಲ್ಲಿನಲ್ಲಿರುವ ಅಪ್ಪನದು. ಇಲ್ಲಿ ನಡುರಾತ್ರಿ ಫೋನು ಬಡಿದುಕೊಳ್ಳುತ್ತದೆ, ‘ಅಪ್ಪಾ, ಓಟಿಪಿ ಬಂದೈತೇನು ನೋಡು.’ ಅಪ್ಪ ಕನ್ನಡಕ ಹುಡುಕಿ, ದೀಪ ಹಚ್ಚಿ, ಒಂದೊಂದೇ ಅಂಕಿ ಓದಿ ಹೇಳುವಷ್ಟರಲ್ಲಿ ಅದರ ಅವಧಿ ಮುಗಿದಿರುತ್ತದೆ. ಮತ್ತೊಂದು ಓಟಿಪಿ. ದುಡ್ಡು ಕೊಟ್ಟು ಕನ್ನಡ ನೋಡಲು ಸಿದ್ಧರಿರುವವರನ್ನು ಕಳ್ಳದಾರಿಗೆ ದಬ್ಬುವ ಈ ವ್ಯವಸ್ಥೆಯನ್ನು ಸಮರ್ಥಿಸಲು ನನ್ನಿಂದಾಗದು.

ನೇರ ದಾರಿಯೂ ಆಗಾಗ ಬದಲಾಗುತ್ತಲೇ ಇದೆ. ಅಮೆರಿಕದಲ್ಲಿ ಹಾಟ್‌ಸ್ಟಾರ್ ಸ್ವತಂತ್ರ ಸೇವೆಯಾಗಿ 2022ರ ಕೊನೆಗೆ ನಿಂತು ಹುಲು ಎಂಬ ಇನ್ನೊಂದು ಸೇವೆಯೊಳಗೆ ಸೇರಿತು. ಇಲ್ಲಿ 2025ರ ಫೆಬ್ರವರಿಯಲ್ಲಿ ಜಿಯೋಸಿನಿಮಾ ಮತ್ತು ಹಾಟ್‌ಸ್ಟಾರ್ ಕೂಡಿ ಜಿಯೋಹಾಟ್‌ಸ್ಟಾರ್ ಆಯಿತು. ಜೀ ಕನ್ನಡಕ್ಕೆ ಜೀ5, ಉದಯಕ್ಕೆ ಸನ್ ನೆಕ್ಸ್ಟ್. ಒಂದೇ ಭಾಷೆ ನೋಡಲು ಮೂರು ಚಂದಾ, ಮೂರು ಪಾಸ್‌ವರ್ಡು. ವಯಸ್ಸಾದವರು ಒಂದನ್ನು ಕಲಿಯುವಷ್ಟರಲ್ಲಿ ಇನ್ನೊಂದರ ಹೆಸರೇ ಬದಲಾಗಿರುತ್ತದೆ.

ಇಷ್ಟೆಲ್ಲ ದಾಟಿ ತೆರೆಯ ಮೇಲೆ ಬರುವುದೇನು ಎಂಬುದೇ ದೊಡ್ಡ ಪ್ರಶ್ನೆ. ಬರುವುದು ಕನ್ನಡವೇ, ಆದರೆ ನಮ್ಮ ಕಡೆಯದಲ್ಲ. ಧಾರಾವಾಹಿಗಳ ಮಾತು ಬೆಂಗಳೂರು, ಮೈಸೂರು, ಮಂಡ್ಯದ ಸುತ್ತಲೇ ಸುತ್ತುತ್ತದೆ. ಹುನಗುಂದದ ಮಾತಾಡುವವರು ಬಂದರೆ ಮನೆಗೆಲಸದವರಾಗಿ ಬರುತ್ತಾರೆ, ಪೈಲ್ವಾನರಾಗಿ ಬರುತ್ತಾರೆ, ನಗಿಸಲು ಬರುತ್ತಾರೆ. ಹೆಂಗಸಿಗೆ ಟೋಪತೆನೆ ಸೆರಗಿನ ಇಳಕಲ್ ಸೀರೆ ಉಡಿಸಿ, ಮೂಗಿಗೆ ನತ್ತು ಹಾಕಿ, ಮಾತಿನ ಕೊನೆಗೊಂದು ‘ರೀ’ ಹಚ್ಚಿದರೆ ಉತ್ತರ ಕರ್ನಾಟಕ ಮುಗಿಯಿತು. ಆ ಮಾತಿನಲ್ಲಿ ಒಬ್ಬ ವಕೀಲೆ ವಾದ ಮಂಡಿಸುವುದನ್ನು, ಒಬ್ಬ ತಂದೆ ಮಗನೆದುರು ಅಳುವುದನ್ನು, ಇಬ್ಬರು ಪ್ರೀತಿ ಹೇಳಿಕೊಳ್ಳುವುದನ್ನು ಎಷ್ಟು ಧಾರಾವಾಹಿಗಳಲ್ಲಿ ನೋಡಿದ್ದೇವೆ?

ಆಗುವುದಿಲ್ಲ ಎಂದಲ್ಲ, ಹಿಂದೊಮ್ಮೆ ಆಗಿದೆ. ವೈಶಾಲಿ ಕಾಸರವಳ್ಳಿಯವರು ಈಟಿವಿ ಕನ್ನಡಕ್ಕೆ ನಿರ್ದೇಶಿಸಿದ ‘ಮೂಡಲ ಮನೆ’ ನಮ್ಮ ಭಾಗದ ಮನೆತನವೊಂದನ್ನು ನಮ್ಮ ಮಾತಿನಲ್ಲೇ ಕಟ್ಟಿತು. ಆ ಮಾತಿಗೆ ಅಲ್ಲಿ ಮನೆಯ ಯಜಮಾನಿಕೆ ಇತ್ತು, ಸಿಟ್ಟು, ಸಂಕಟ, ಘನತೆ ಎಲ್ಲ ಇತ್ತು. ರಾಜ್ಯದ ತೆಂಕಣ ತುದಿಯವರೂ ಅದನ್ನು ಮೆಚ್ಚಿ ನೋಡಿದರು. ಈಟಿವಿ ಕನ್ನಡ 2015ರಲ್ಲಿ ಕಲರ್ಸ್ ಕನ್ನಡ ಆಯಿತು. ವಾಹಿನಿಯ ಹೆಸರು ಬದಲಾದ ಮೇಲೆ ಆ ದಾರಿಯನ್ನು ಮುಂದುವರಿಸುವ ಉತ್ಸಾಹ ಕಾಣಲಿಲ್ಲ. ಕೈತಪ್ಪಿದ ಅವಕಾಶಕ್ಕೆ ಉದಾಹರಣೆ ನಟಿ ಉಮಾಶ್ರೀಯವರದು. ನಮ್ಮ ಜಿಲ್ಲೆಯ ತೇರದಾಳದಿಂದ 2013ರಲ್ಲಿ ಗೆದ್ದು ಕನ್ನಡ ಮತ್ತು ಸಂಸ್ಕೃತಿ ಸಚಿವೆಯಾಗಿದ್ದವರು. 2021ರ ಕೊನೆಯಲ್ಲಿ ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯಿಂದ ಮತ್ತೆ ಮನೆಮಾತಾದರು. ನಟನೆ ಮನಮುಟ್ಟುವಂಥದ್ದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಪುಟ್ಟಕ್ಕನ ಮಾತು ತೇರದಾಳದ್ದಲ್ಲ. ಐದು ವರ್ಷ ನೇಕಾರರ ಊರುಗಳಲ್ಲಿ ಓಡಾಡಿದ ಇಂಥ ಕಲಾವಿದೆಯ ಕೈಗೆ ಮಗ್ಗದ ಮನೆಯ ಕಥೆಯೊಂದನ್ನು ಕೊಡಬೇಕೆಂದು ವಾಹಿನಿಗಳಿಗೆ ಹೊಳೆಯದಿರುವುದು ನನಗೆ ನಿಜವಾಗಿಯೂ ನೋವಿನ ಸಂಗತಿ.

ರಿಯಾಲಿಟಿ ಶೋಗಳಲ್ಲಿ ಬಾಗಿಲು ತುಸು ತೆರೆದಿದೆ. ಹಾವೇರಿ ಜಿಲ್ಲೆಯ ಹನುಮಂತ ತನ್ನ ತಾಂಡಾದ ಲುಂಗಿ, ತನ್ನ ಮಾತು ಎರಡನ್ನೂ ಬಿಡದೆ ‘ಬಿಗ್ ಬಾಸ್’ ಮನೆಯಲ್ಲಿದ್ದು 2025ರ ಜನವರಿಯಲ್ಲಿ ಗೆದ್ದದ್ದು ಆಕಸ್ಮಿಕವಲ್ಲ. ಜನ ಆ ಮಾತು ಕೇಳಲು ಕಾದಿದ್ದರು. ಬರೆದ ಸಂಭಾಷಣೆ ಇಲ್ಲದ ಕಡೆ ಮಾತ್ರ ನಮ್ಮ ಮಾತಿಗೆ ಜಾಗ ಸಿಕ್ಕಿತು ಎಂಬುದನ್ನು ಸಂಭಾಷಣೆ ಬರೆಯುವವರು ಗಮನಿಸಬೇಕು.

ಸುದ್ದಿ ವಾಹಿನಿಗಳದು ಇನ್ನೊಂದು ಬಗೆಯ ಕೊರತೆ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಬಾದಾಮಿ, ಹುನಗುಂದ ತಾಲ್ಲೂಕುಗಳ ದಂಡೆಯ ಊರುಗಳಿಗೆ ನುಗ್ಗಿತು, ಪಟ್ಟದಕಲ್ಲಿನ ಗುಡಿಗಳು ನೀರಿನಲ್ಲಿ ನಿಂತವು. ಹೊರದೇಶದಲ್ಲಿದ್ದ ನಮ್ಮವರು ರಾತ್ರಿಯೆಲ್ಲ ಸ್ಟಿಕ್ಕಿನ ಮುಂದೆ ಕುಳಿತರು. ಅವರಿಗೆ ಬೇಕಾಗಿದ್ದದ್ದು ತಮ್ಮ ಊರಿನ ಹೆಸರು: ನೀರು ಎಲ್ಲಿಯವರೆಗೆ ಬಂತು, ಸೇತುವೆ ಉಳಿದಿದೆಯೇ, ಜನರನ್ನು ಎಲ್ಲಿ ಇಟ್ಟಿದ್ದಾರೆ. ತೆರೆಯ ಮೇಲೆ ಮುಳುಗಿದ ಗುಡಿಯ ಅದೇ ದೃಶ್ಯ ಮತ್ತೆ ಮತ್ತೆ ಬರುತ್ತಿತ್ತು. ಊರಿನ ಹೆಸರು ಕೊನೆಗೆ ಸಿಕ್ಕಿದ್ದು ಯಾರೋ ಹುಡುಗ ಮಾಳಿಗೆ ಮೇಲೆ ನಿಂತು ತೆಗೆದು ವಾಟ್ಸಾಪ್‌ಗೆ ಹಾಕಿದ ವಿಡಿಯೋದಲ್ಲಿ. ಆಲಮಟ್ಟಿಯ ವಿಷಯವೂ ಹೀಗೇ. ಹಿನ್ನೀರಿಗೆ ಹಳೆ ಬಾಗಲಕೋಟೆಯ ಓಣಿಗಳನ್ನು ಕೊಟ್ಟು ನವನಗರಕ್ಕೆ ಬಂದ ಜನ ನಾವು. ಈಗ ಅಣೆಕಟ್ಟಿನ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಯೋಜನೆ ಮುಂದಿದೆ. ತನ್ನ ಅಪ್ಪನ ಹೊಲ ಆ ಗೆರೆಯೊಳಗೆ ಬರುತ್ತದೆಯೇ ಎಂಬುದು ಟೆಕ್ಸಾಸಿನಲ್ಲಿರುವ ಮಗನಿಗೆ ಜೀವದ ಪ್ರಶ್ನೆ. ಇಪ್ಪತ್ತನಾಲ್ಕು ತಾಸು ಓಡುವ ವಾಹಿನಿಯಲ್ಲಿ ಅದಕ್ಕೆ ಎರಡು ನಿಮಿಷ ಸಿಕ್ಕರೆ ಹೆಚ್ಚು.

ಹಾಗಾದರೆ ಸ್ಟಿಕ್ಕಿನಲ್ಲಿ ಊರು ಸಿಗುವುದೇ ಇಲ್ಲವೇ? ಸಿಗುತ್ತದೆ, ವಾಹಿನಿಗಳ ಆ್ಯಪ್‌ಗಳಲ್ಲಲ್ಲ, ಯೂಟ್ಯೂಬಿನಲ್ಲಿ. ಬಾದಾಮಿ ಹತ್ತಿರದ ಬನಶಂಕರಿಯಲ್ಲಿ ಬನದ ಹುಣ್ಣಿಮೆಗೆ ತೇರು ಎಳೆದ ಮೇಲೂ ವಾರಗಟ್ಟಲೆ ಜಾತ್ರೆ ನಡೆಯುತ್ತದೆ. ವೃತ್ತಿ ನಾಟಕ ಕಂಪನಿಗಳು ಸಾಲಾಗಿ ಡೇರೆ ಹಾಕುತ್ತವೆ. ಕಮತಗಿಯ ಹುಚ್ಚೇಶ್ವರ ನಾಟ್ಯ ಸಂಘದಂಥ ಕಂಪನಿಗಳನ್ನು ಬೆಳೆಸಿದ ಸೀಮೆ ಇದು. ಆ ನಾಟಕಗಳ ತುಣುಕುಗಳನ್ನು, ಕೆಲವೊಮ್ಮೆ ಇಡೀ ನಾಟಕವನ್ನು, ಯಾರಾದರೂ ಫೋನಿನಲ್ಲಿ ಹಿಡಿದು ಹಾಕಿರುತ್ತಾರೆ. ಕ್ಯಾಮೆರಾ ಅಲುಗಾಡುತ್ತದೆ. ಮುಂದೆ ಕುಳಿತವರ ರುಮಾಲು ಅಡ್ಡ ಬರುತ್ತದೆ. ಹಾರ್ಮೋನಿಯಂ ಸದ್ದಿಗೆ ಮಾತು ಮುಚ್ಚಿಹೋಗುತ್ತದೆ. ಆದರೂ ಕುಚೋದ್ಯದ ಮಾತಿಗೆ ಡೇರೆಯೊಳಗಿನ ಜನವೆಲ್ಲ ಒಮ್ಮೆಲೇ ಹೋ ಎಂದು ನಗುವುದು ಕೇಳುತ್ತದೆ, ಹಿಂದಿನಿಂದ ಯಾರೋ ‘ಕೂಡ್ರೋ ತಮ್ಮಾ’ ಎಂದು ಗದರುವುದು ಕೇಳುತ್ತದೆ. ಐವತ್ತೈದು ಇಂಚಿನ ತೆರೆಯ ಮೇಲೆ ಅದನ್ನು ಹಾಕಿದಾಗ ಚಿತ್ರ ಒಡೆದೊಡೆದು ಕಂಡರೂ ಯಾರೂ ಎದ್ದು ಹೋಗುವುದಿಲ್ಲ. ಶ್ರೀಕೃಷ್ಣ ಪಾರಿಜಾತದ ಆಟಗಳು, ಮಠಗಳ ಪ್ರವಚನಗಳು, ಬಾಗಲಕೋಟೆಯ ಹೋಳಿಯಲ್ಲಿ ಹಲಗಿ ಬಡಿತದ ನಡುವೆ ಸಾಗುವ ಬಣ್ಣದ ಬಂಡಿಗಳು, ಮಲ್ಲು ಜಮಖಂಡಿಯಂಥ ಹುಡುಗರ ಹಾಸ್ಯ, ಎಲ್ಲ ಅಲ್ಲೇ ಇವೆ. 1950ರಲ್ಲಿ ಶುರುವಾದ ಧಾರವಾಡ ಆಕಾಶವಾಣಿಯನ್ನೂ ಈಗ ಪ್ರಸಾರ ಭಾರತಿಯ ಆ್ಯಪ್ ಮೂಲಕ ಎಲ್ಲಿಂದಲಾದರೂ ಕೇಳಬಹುದು. ಚಿತ್ರವಿಲ್ಲದಿದ್ದರೂ ಮಾತು ನಮ್ಮದೇ ಆದ್ದರಿಂದ ಬೆಳಗಿನ ಹೊತ್ತಿಗೆ ಅದು ಧಾರಾವಾಹಿಗಿಂತ ಹತ್ತಿರ ಎನ್ನಿಸುತ್ತದೆ.

ತೊಂದರೆ ಇರುವುದು ಹುಡುಕುವುದರಲ್ಲಿ. ‘ಜಬರ್ದಸ್ತ್ ಕಾಮಿಡಿ ಸೀನ್’ ಎಂದು ತಲೆಬರಹ ಕೊಟ್ಟು ಹಾಕಿದ ನಾಟಕದಲ್ಲಿ ನಾಟಕದ ಹೆಸರಿಲ್ಲ, ಕಂಪನಿಯ ಹೆಸರಿಲ್ಲ, ಯಾವ ಊರಿನ ಯಾವ ವರ್ಷದ ಜಾತ್ರೆ ಎಂಬುದಿಲ್ಲ. ಸ್ಟಿಕ್ಕಿನ ರಿಮೋಟಿನಲ್ಲಿ ಒಂದೊಂದೇ ಅಕ್ಷರ ಒತ್ತಿ ಹುಡುಕಬೇಕು, ಅದೂ ಇಂಗ್ಲಿಷ್ ಅಕ್ಷರಗಳಲ್ಲಿ. ಅಜ್ಜಿ ಮೈಕಿನ ಗುಂಡಿ ಒತ್ತಿ ‘ಪಾರಿಜಾತ ಹಚ್ಚು’ ಎಂದರೆ ಅಲೆಕ್ಸಾಗೆ ಕನ್ನಡ ಬರುವುದಿಲ್ಲ. ಗೂಗಲ್ 2017ರಲ್ಲೇ ಧ್ವನಿಯಿಂದ ಕನ್ನಡ ಟೈಪು ಮಾಡುವ ಸೌಲಭ್ಯ ತಂದಿತು. ಕೋಟಿಗಟ್ಟಲೆ ಜನ ಆಡುವ ಭಾಷೆಯನ್ನು ಅಮೆಜಾನು ಇನ್ನೂ ಹೊರಗೇ ನಿಲ್ಲಿಸಿರುವುದಕ್ಕೆ ತಾಂತ್ರಿಕ ನೆಪ ಸಲ್ಲದು.

ಮಕ್ಕಳ ವಿಷಯದಲ್ಲಿ ನನಗೆ ಹೆಚ್ಚು ಭರವಸೆಯಿಲ್ಲ. ಸ್ಟಿಕ್ ಹಚ್ಚಿದ ಕೂಡಲೇ ಮುಖಪುಟದಲ್ಲಿ ತಾನಾಗಿ ಓಡುವುದು ಇಂಗ್ಲಿಷ್ ಜಾಹೀರಾತು, ಕನ್ನಡ ಎಷ್ಟೋ ಸಾಲುಗಳ ಕೆಳಗೆ. ಅಜ್ಜಿಯ ಪಕ್ಕದಲ್ಲಿ ಕುಳಿತಷ್ಟು ಹೊತ್ತು ಮಗುವಿನ ಕಿವಿಗೆ ನಾಲ್ಕು ಮಾತು ಬೀಳುತ್ತವೆ. ಅಜ್ಜಿ ಊರಿಗೆ ಮರಳಿದ ಮೇಲೆ ಆ ಆ್ಯಪ್ ತೆರೆಯುವವರಿರುವುದಿಲ್ಲ.

ಇನ್ನು, ‘ಎಲ್ಲ ಚಾನೆಲ್ಲೂ ತುಂಬಿಸಿಕೊಟ್ಟಿದ್ದೇವೆ’ ಎಂದು ಅಗ್ಗದ ಬೆಲೆಗೆ ಮಾರುವ ಸ್ಟಿಕ್ಕುಗಳು. ಇವು ಶುದ್ಧ ಕಳ್ಳಮಾಲು. ಅದಕ್ಕೆ ಕೊಟ್ಟ ಹಣದಲ್ಲಿ ಒಂದು ಪೈಸೆಯೂ ನಟರಿಗೆ, ಬರಹಗಾರರಿಗೆ ತಲುಪುವುದಿಲ್ಲ, ಮನೆಯ ವೈಫೈಯೊಳಗೆ ಯಾರ ಯಾವ ಸಾಫ್ಟ್‌ವೇರ್ ಬಂದು ಕುಳಿತಿತು ಎಂಬುದೂ ತಿಳಿಯುವುದಿಲ್ಲ. 2025ರಲ್ಲಿ ಅಮೆಜಾನು ತಂದ ವೇಗಾ ಎಂಬ ಹೊಸ ವ್ಯವಸ್ಥೆಯ ಸ್ಟಿಕ್ಕಿನಲ್ಲಿ ಹೊರಗಿನ ಆ್ಯಪ್‌ಗಳನ್ನು ತುಂಬಲು ದಾರಿಯೇ ಇಲ್ಲ. ಅದು ಸರಿಯಾದ ಹೆಜ್ಜೆ. ಆದರೆ ಕಳ್ಳಬಾಗಿಲು ಮುಚ್ಚುವಾಗ ಹೆಬ್ಬಾಗಿಲು ತೆರೆದಿರಬೇಕು. ಹಕ್ಕುಗಳನ್ನು ಹಿಡಿದುಕೊಂಡಿರುವ ವಾಹಿನಿಗಳು ಕನ್ನಡಕ್ಕೊಂದು ಚಂದಾ ಮಾಡಿ, ಯಾವ ದೇಶದ ಫೋನ್ ನಂಬರಿನಿಂದಲೂ, ಯಾವ ದೇಶದ ಕಾರ್ಡಿನಿಂದಲೂ ಕೊಳ್ಳುವಂತೆ ಮಾಡುವುದು ಸಾಧ್ಯವಿರುವ ಕೆಲಸ.

ಊರಿನಲ್ಲಿರುವ ನಾವೂ ಮಾಡಬಹುದಾದ ಕೆಲಸವಿದೆ. ಬರುವ ಬನದ ಹುಣ್ಣಿಮೆಗೆ ಬನಶಂಕರಿಯಲ್ಲಿ ಡೇರೆ ಹಾಕುವ ಕಂಪನಿಗಳ ಒಪ್ಪಿಗೆ ಪಡೆದು, ಒಂದು ನಾಟಕವನ್ನಾದರೂ ಎರಡು ಕ್ಯಾಮೆರಾ, ಒಂದು ಒಳ್ಳೆಯ ಮೈಕು ಇಟ್ಟು ಪೂರ್ತಿ ಚಿತ್ರಿಸಬೇಕು. ನಾಟಕದ ಹೆಸರು, ಬರೆದವರು, ಹಾರ್ಮೋನಿಯಂ ನುಡಿಸಿದವರು, ಊರು, ವರ್ಷ ಇಷ್ಟನ್ನೂ ಕನ್ನಡದಲ್ಲೂ ಇಂಗ್ಲಿಷ್ ಅಕ್ಷರಗಳಲ್ಲೂ ಬರೆದು ಹಾಕಬೇಕು. ನೋಡುವವರಿಂದ ಟಿಕೆಟಿನ ಹಣ ನೇರವಾಗಿ ಕಂಪನಿಗೆ ಹೋಗುವ ಏರ್ಪಾಡಾಗಬೇಕು. ಜಾತ್ರೆಯ ಅಂಗಳದಲ್ಲಿ ಕಲಾವಿದರಿದ್ದಾರೆ, ಬಾಗಲಕೋಟೆಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಇದನ್ನೆಲ್ಲ ಮಾಡಬಲ್ಲ ಹುಡುಗ ಹುಡುಗಿಯರಿದ್ದಾರೆ, ಖರ್ಚು ಭರಿಸಬಲ್ಲವರು ಹೊರದೇಶದಲ್ಲಿ ಸ್ಟಿಕ್ ಹಚ್ಚಿಕೊಂಡು ಕುಳಿತಿದ್ದಾರೆ. ಈ ಮೂವರನ್ನೂ ಕೂಡಿಸುವ ಮೊದಲ ಸಭೆಯನ್ನು ಈ ವರ್ಷ ದೀಪಾವಳಿಯ ರಜೆಗೆ ಹೊರದೇಶದವರು ಊರಿಗೆ ಬಂದಾಗಲೇ ಬಾದಾಮಿಯಲ್ಲಿ ಕರೆಯಬಹುದು.