ಬೆಟ್ಟವೇ ಬಾವಿಯಾದ ಕಪ್ಪೆಗಳು

ಕೂಪಮಂಡೂಕವೆಂಬ ಬೈಗುಳ ನಮ್ಮ ಸಾಹಿತ್ಯಕ್ಕೆ ಹೊಸದಲ್ಲ. ಹುಟ್ಟಿದ ಜಾಗ ಬಿಟ್ಟು ಕದಲದವನು ಅಲ್ಪನೆಂಬುದು ಅದರ ತಾತ್ಪರ್ಯ. ಪಶ್ಚಿಮಘಟ್ಟದ ಪೊದೆಗಪ್ಪೆಗಳನ್ನು ಕುರಿತು ವಿಜಯಕುಮಾರ್, ಮೆನೆಜಸ್, ಜಯರಾಜನ್ ಮತ್ತು ಶಂಕರ್ ಅವರು 2016ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧವನ್ನು ಓದಿದ ಮೇಲೆ, ಆ ಮಾತನ್ನಾಡಲು ನಾಲಿಗೆ ತುಸು ತಡವರಿಸುತ್ತದೆ.

ಈ ಕಪ್ಪೆಗಳ ಕುಲಕ್ಕೆ ರಾವೋರ್ಕೆಸ್ಟಿಸ್ ಎಂದು ಹೆಸರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿದ್ದ ಪ್ರಾಣಿಶಾಸ್ತ್ರಜ್ಞ ಸಿ. ಆರ್. ನಾರಾಯಣರಾಯರ ಗೌರವಾರ್ಥವಾಗಿ 2010ರಲ್ಲಿ ಇಟ್ಟದ್ದು. (ನಮ್ಮೂರಿನ ಮೇಷ್ಟರೊಬ್ಬರು ಹೀಗೆ ಮಳೆಗಾಡುಗಳಲ್ಲಿ ನೆಲೆನಿಂತಿರುವುದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು!) ಇವುಗಳ ಮೊಟ್ಟೆಯೊಡೆದರೆ ಗೊದಮೊಟ್ಟೆ ಬರುವುದಿಲ್ಲ, ಪುಟ್ಟ ಕಪ್ಪೆಯೇ ಹೊರಬೀಳುತ್ತದೆ. ಹಾಗಾಗಿ ಕೆರೆ ಹೊಳೆಗಳ ಹಂಗಿಲ್ಲ; ತೇವದ ಹಂಗು ಮಾತ್ರ ತಪ್ಪಿದ್ದಲ್ಲ. ಬಿಸಿಲು ಸುಡುವ ಬಯಲನ್ನು ದಾಟಿ ಎದುರು ಬೆಟ್ಟ ಸೇರುವುದೆಂದರೆ ಇವಕ್ಕೆ ಸಮುದ್ರೋಲ್ಲಂಘನವೇ ಸರಿ. ನೀಲಗಿರಿಗೂ ಆನೆಮಲೆಗೂ ನಡುವಣ ಪಾಲಕ್ಕಾಡಿನ ಕಂಡಿ ಸುಮಾರು 30 ಕಿಲೋಮೀಟರು ಅಗಲ. ಅದರ ಆಚೀಚೆಯ ಕಪ್ಪೆಗಳು ನೋಡಲು ದಾಯಾದಿಗಳಂತಿದ್ದರೂ, ಡಿ.ಎನ್.ಎ. ಓದಿದರೆ ಲಕ್ಷಾಂತರ ವರ್ಷಗಳ ಹಿಂದೆಯೇ ಬೇರೆಯಾದ ಮನೆತನಗಳು. ಒಂದೊಂದು ಬೆಟ್ಟವೂ ಒಂದೊಂದು ಬಾವಿ. ಬಾವಿ ಬಿಡದೆ ಕುಳಿತದ್ದರಿಂದಲೇ ಇಷ್ಟೊಂದು ಬಗೆ ಹುಟ್ಟಿತು.

ಪ್ರಬಂಧದ ಹಿರಿಮೆ ಒಂದೇ ಕಾರಣಕ್ಕೆ ಜೋತುಬೀಳದಿರುವುದರಲ್ಲಿದೆ. ಎಲ್ಲವನ್ನೂ ಕಂಡಿಯ ಮೇಲೆ ಹೊರಿಸಿದ್ದರೆ ಕಥೆ ಸುಲಭವಾಗುತ್ತಿತ್ತು. ಹಿಮಯುಗಗಳ ಏರುಪೇರು, ಎತ್ತರಕ್ಕೆ ತಕ್ಕಂತೆ ಬದಲಾಗುವ ಹವೆ, ಬೆಟ್ಟಗಳ ಇರವು, ಇವಿಷ್ಟನ್ನೂ ಅವರು ತೂಗಿ ನೋಡಿದ್ದಾರೆ. ಒಂದು ಬೆಟ್ಟದ ಶೋಲೆಯನ್ನು ಕಡಿದು ಇನ್ನೊಂದರಲ್ಲಿ ಸಸಿ ನೆಟ್ಟರೆ ಲೆಕ್ಕ ಸರಿಹೋಯಿತೆನ್ನುವವರು ಇದನ್ನೊಮ್ಮೆ ಓದಬೇಕು. ಆ ಬೆಟ್ಟದ ಕಪ್ಪೆ ಈ ಬೆಟ್ಟದಲ್ಲಿ ಇಲ್ಲದೆಯೇ ಇರಬಹುದು. ಅದಕ್ಕೆ ಹೆಸರು ಕೂಡ ಇನ್ನೂ ಬಿದ್ದಿರಲಿಕ್ಕಿಲ್ಲ. ವಿಜಯಕುಮಾರ್ ಮತ್ತು ಸಂಗಡಿಗರು 2014ರಲ್ಲಿ ಒಮ್ಮೆಗೇ ಒಂಬತ್ತು ಹೊಸ ಜಾತಿಗಳಿಗೆ ನಾಮಕರಣ ಮಾಡಿದ್ದು ಇದೇ ಗುಂಪಿನಲ್ಲಿ.

ಕಾಲಗಣನೆಯನ್ನು ಮಾತ್ರ ನಾನು ಎಚ್ಚರದಿಂದ ಓದುತ್ತೇನೆ. ಇಷ್ಟು ಸಣ್ಣ ಮೂಳೆಗಳು ಕಲ್ಲಿನಲ್ಲಿ ಉಳಿಯುವುದು ಅಪರೂಪ. ಇಂದಿನ ಕಪ್ಪೆಗಳ ಡಿ.ಎನ್.ಎ.ಯಲ್ಲಿರುವ ವ್ಯತ್ಯಾಸಗಳನ್ನು ಎಣಿಸಿ ಹಿಂದಕ್ಕೆ ಗುಣಿಸಿದ ವರ್ಷಗಳು ಅಂದಾಜುಗಳೇ ಹೊರತು, ಶಾಸನದಲ್ಲಿ ಕೊರೆದ ತಿಥಿಗಳಲ್ಲ. ಕೋಷ್ಟಕದಲ್ಲಿ ಅಚ್ಚಾದ ಅಂಕಿಗೆ ನಮ್ಮ ಜನ ಬೇಗ ಕೈಮುಗಿಯುತ್ತಾರೆ.